ಮೂರನೆಯ ಕೈಗವಸು

ಇನ್ನೂ ಹೆಸರಿಲ್ಲದ ನನ್ನ ಕೂಸೇ,

ನಿನಗೊಂದು ಪತ್ರ ಬರೆಯಬೇಕೆಂದು ಚಳಿಗಾಲದ ಶುರುವಿನಿಂದಲೂ ಅಂದುಕೊಂಡಿದ್ದೆ. ಹೀಗೆ ಬರೆಯುತ್ತೇನೆಂದು ಮಾತ್ರ ಅಂದುಕೊಂಡಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಎರಡು ಸಾಲಿಗೊಮ್ಮೆ ಕಿಟಕಿಯಾಚೆ ನೋಡುತ್ತ ಬರೆಯುತ್ತಿದ್ದೇನೆ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಒಂದು ಕಂಬ, ಕಂಬದಾಚೆ ಕಾಡು. ಕಂಬದ ಮೊಳೆಯಲ್ಲಿ ನಿನ್ನ ಅಪ್ಪನ ಕೈಗವಸು ನೇತಾಡುತ್ತಿದೆ. ಬೂದು ಬಣ್ಣದ ಉಣ್ಣೆ, ಮಣಿಕಟ್ಟಿನ ಹತ್ತಿರ ಕೆಂಪು ಪಟ್ಟಿ. ಅದು ಅಲ್ಲಿದೆ ಎಂದರೆ ಅವನಿನ್ನೂ ಕಾಡಿನಲ್ಲಿದ್ದಾನೆ ಎಂದರ್ಥ.

ನಮ್ಮ ಮನೆಯಲ್ಲಿ ಕೈಗವಸನ್ನು ಜೊತೆಯಾಗಿ ಹೆಣೆಯುವುದಿಲ್ಲ, ಮೂರು ಮೂರಾಗಿ ಹೆಣೆಯುತ್ತಾರೆ. ಹೆಣೆಯುವವಳು ನಿನ್ನ ಅಪ್ಪನ ಅಜ್ಜಿ ಲೆಂಪಿ. ನಾವೆಲ್ಲ ಅವಳನ್ನು ಮುಮ್ಮು ಎನ್ನುತ್ತೇವೆ. ಎರಡು ಕೈಗಳಿಗೆ ಎರಡು, ಕಂಬಕ್ಕೆ ಒಂದು. ಕಾಡಿಗೆ ಹೋಗುವಾಗ ಮೂರನೆಯದನ್ನು ಮೊಳೆಗೆ ಸಿಕ್ಕಿಸಿ ಹೋಗಬೇಕು, ಬರುವಾಗ ತಾನೇ ಇಳಿಸಿಕೊಂಡು ಬರಬೇಕು. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಗಂಡ ಹೆಂಡತಿಯದನ್ನು ಮುಟ್ಟುವುದಿಲ್ಲ, ತಾಯಿ ಮಗನದನ್ನು ಮುಟ್ಟುವುದಿಲ್ಲ. ಫಿನ್‌ಲೆಂಡಿನಿಂದ ಇಲ್ಲಿಗೆ, ಸುಪೀರಿಯರ್ ಸರೋವರದ ಈ ದಂಡೆಗೆ, ಮರ ಕಡಿಯಲು ಬಂದವರ ಕಾಲದಿಂದ ಹೀಗೇ ನಡೆದಿದೆ. ಈಗ ಮರ ಕಡಿಯುವುದು ನಿಂತು ಕಾಡು ದೊಡ್ಡ ಪಾರ್ಕ್ ಆಗಿದೆ. ಬೇಸಿಗೆಯಲ್ಲಿ ಗುಡಾರ, ಶರತ್ಕಾಲದಲ್ಲಿ ಎಲೆಗಳ ಬಣ್ಣ, ಚಳಿಗಾಲದಲ್ಲಿ ಸ್ಕೀ ಎಂದು ವರ್ಷವಿಡೀ ಜನ ಬರುತ್ತಾರೆ. ಕಂಬ ಮಾತ್ರ ನಮ್ಮದು. ಅದರ ತುದಿಯಲ್ಲಿ ತುಕ್ಕು ಹಿಡಿದ ಒಂದು ಮೊಳೆಯಿದೆ. ಅದು ಮುಮ್ಮುವಿನ ಅಣ್ಣನದು. ಹೋದವನು ಬರಲಿಲ್ಲ, ಅವನ ಕೈಗವಸನ್ನು ಯಾರೂ ಇಳಿಸಲಿಲ್ಲ. ಗಾಳಿ, ಮಳೆ, ಅಳಿಲುಗಳು ಸೇರಿ ಅದನ್ನು ಮುಗಿಸಿದವು. ಆ ಮೊಳೆಗೆ ಈಗಲೂ ಯಾರೂ ಏನನ್ನೂ ಸಿಕ್ಕಿಸುವುದಿಲ್ಲ.

ನಿನ್ನ ಅಮ್ಮ ಯಾರೆಂದು ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ನಾನು ಕಾಲೇಜಿಗೆ ಹೋದವಳಲ್ಲ. ಪೇಟೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗುವಾಗ ಕಾಯುತ್ತ, ಅಲ್ಲಿನ ಕಪಾಟಿನಲ್ಲಿ ಪುಕ್ಕಟೆಯಾಗಿ ಇಟ್ಟಿರುತ್ತಿದ್ದ ಕರಪತ್ರಗಳನ್ನು ಓದಿ ಕಲಿತವಳು. ಕಾಡಿಗೆ ಮನುಷ್ಯ ಅತಿಥಿಯಾಗಿ ಹೋಗಬೇಕು, ಹೆಜ್ಜೆಯ ಗುರುತನ್ನೂ ಬಿಡದೆ ಬರಬೇಕು ಎಂದು ಅವುಗಳಲ್ಲಿ ಬರೆದಿತ್ತು. ನಾನದನ್ನು ನಂಬಿದೆ, ಈಗಲೂ ನಂಬುತ್ತೇನೆ. ನಾನೇ ಕರಪತ್ರ ಬರೆದು ಹಂಚಿದೆ. ಪಾರ್ಕಿನ ಪಶ್ಚಿಮದ ಅರ್ಧ ಪೂರ್ತಿ ಕಾಡಾಗಿಯೇ ಇರಲಿ, ಅಲ್ಲಿ ಹಿಮದ ಮೇಲೆ ಓಡುವ ಮೋಟಾರು ಬಂಡಿ, ಹಿಮಬಂಡಿ, ಓಡಿಸಬಾರದು ಎಂದು ಬೋರ್ಡು ಹಿಡಿದು ರಸ್ತೆಯ ನಡುವೆ ನಿಂತೆ. ಅದಕ್ಕೆ ಒಪ್ಪಿಗೆ ಸಿಕ್ಕಿದ ದಿನ ನಿನ್ನ ಅಪ್ಪ ಆರ್ವೋ ನನ್ನನ್ನು ಎತ್ತಿ ಸುತ್ತಿಸಿದ. ಅವನ ತಮ್ಮ ವೈನೋ ಮಾತ್ರ ತಿಂಗಳುಗಟ್ಟಲೆ ನಮ್ಮ ಮನೆಗೆ ಬರಲಿಲ್ಲ. ವೈನೋಗೆ ಹಿಮಬಂಡಿಯೆಂದರೆ ಪ್ರಾಣ.

ಒಂದು ಮಾತು ಹೇಳಲೇಬೇಕು. ನಾನು ಓದಿದ ಯಾವ ಕರಪತ್ರದಲ್ಲೂ ಭಯದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮಾರ್ಚ್ ತಿಂಗಳ ಕೊನೆಗೆ ಇಲ್ಲಿ ಕೆಲವು ಬೆಳಗುಗಳು ಬರುತ್ತವೆ. ಹಗಲು ಮೆತ್ತಗಾದ ಹಿಮ ರಾತ್ರಿ ಹೆಪ್ಪುಗಟ್ಟಿ ಮೇಲೊಂದು ಗಟ್ಟಿ ಪದರ ಮೂಡಿರುತ್ತದೆ. ಮುಮ್ಮು ಅದನ್ನು ಹಾಂಕಿ ಎನ್ನುತ್ತಾಳೆ. ಆಗ ದಾರಿಯೇ ಬೇಡ. ಪೊದೆ, ಬಿದ್ದ ಮರ, ಹಳ್ಳ ಎಲ್ಲವೂ ಹಿಮದಡಿಯಲ್ಲಿ ಮುಚ್ಚಿಹೋಗಿರುತ್ತವೆ. ಸ್ಕೀ ಕಟ್ಟಿಕೊಂಡರೆ ಕಾಡಿನ ಯಾವ ಮೂಲೆಗೆ ಬೇಕಾದರೂ ಜಾರಿಕೊಂಡು ಹೋಗಬಹುದು. ಆದರೆ ಬಿಸಿಲು ಏರುವ ಮೊದಲು ಮರಳಬೇಕು. ಪದರ ಸೋತರೆ ಸೊಂಟದವರೆಗೆ ಹೂತುಹೋಗುತ್ತೇವೆ. ಒಂದು ಹೆಜ್ಜೆ ಕೀಳುವಷ್ಟರಲ್ಲಿ ಉಸಿರು ನಿಲ್ಲುತ್ತದೆ. ಕೆಳಗೆ ಹಳ್ಳ ಹರಿಯುತ್ತಿರುತ್ತದೆ, ಕಾಣಿಸುವುದಿಲ್ಲ.

ಪ್ರತಿ ವರ್ಷ ನಾವಿಬ್ಬರೂ ಹೋಗುತ್ತಿದ್ದೆವು, ದಿಬ್ಬದ ಮೇಲೆ ನಿಂತು ಕೆಳಗಿನ ಬಿಳಿ ಕೆರೆಯನ್ನು ನೋಡಲು. ಈ ಸಲ ನೀನಿದ್ದೀಯ. ಬೆಳಿಗ್ಗೆ ಸ್ಕೀಗೆ ಮೇಣ ಹಚ್ಚುತ್ತ ಅವನು ಕೇಳಿದ, "ಒಬ್ಬನೇ ಹೋದ್ರೆ ಮುನಿಸ್ಕೊಳ್ತೀಯಾ?"

"ಹೋಗು ಮಾರಾಯ, ನೀನು ಮನೇಲಿದ್ರೆ ಕಾಫಿ ಡಬ್ಬಿ ಖಾಲಿ ಆಗುತ್ತೆ" ಎಂದೆ.

"ಮೂರು ಜನರ ಕಣ್ಣಲ್ಲಿ ನೋಡ್ಕೊಂಡು ಬರ್ತೀನಿ" ಎಂದ. "ಊಟದ ಹೊತ್ತಿಗೆ ಇಲ್ಲಿರ್ತೀನಿ." ನನ್ನ ಹೊಟ್ಟೆಯ ಮೇಲೆ ಬಾಗಿ ನಿನಗೂ ಏನೋ ಹೇಳಿದ. ಏನೆಂದು ನನಗೆ ಕೇಳಿಸಲಿಲ್ಲ. ಅದನ್ನು ಕೇಳಬೇಕಿತ್ತು ಎಂದು ಈಗ ಮತ್ತೆ ಮತ್ತೆ ಅನ್ನಿಸುತ್ತಿದೆ.

ನಾನು ಕೆಲಸಕ್ಕೆ ಹೋದೆ. ಪಾರ್ಕಿನ ಬಾಗಿಲಲ್ಲಿ ಸ್ಕೀ ಬಾಡಿಗೆಗೆ ಕೊಡುವ ಗುಡಿಸಲು ನನ್ನದು. ಶಿಕಾಗೋದಿಂದ ಬಂದ ಸಂಸಾರಗಳ ಕಾಲಿಗೆ ಬೂಟು ಹೊಂದಿಸುತ್ತ, ಬೆವರುತ್ತ, ಇವತ್ತೇಕೆ ಇಷ್ಟು ಸೆಕೆ ಎಂದುಕೊಂಡೆ. ಗಾಳಿ ತಿರುಗಿ ದಕ್ಷಿಣದಿಂದ ಬೆಚ್ಚಗೆ ಬೀಸುತ್ತಿತ್ತು. ಗಮನಿಸಿದೆ, ಹೆದರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಇದೇ ಕಿಟಕಿಯಿಂದ ನೋಡಿದಾಗ ಕಂಬದ ಮೇಲೆ ಏನೂ ಇರಲಿಲ್ಲ.

ಕೈಗವಸು ಇಲ್ಲ ಎಂದರೆ ಮನುಷ್ಯ ಬಂದಿದ್ದಾನೆ ಎಂದೇ ಲೆಕ್ಕ. ಅದನ್ನು ಇನ್ನೊಮ್ಮೆ ಯೋಚಿಸುವ ಅಭ್ಯಾಸವೇ ನಮಗಿಲ್ಲ. ಗೋಡೆಗೆ ಒರಗಿಸಿದ ಸ್ಕೀ ಕಾಣಲಿಲ್ಲ. ಸ್ಕೀಯಲ್ಲೇ ಸೀದಾ ವೈನೋ ಮನೆಯ ಸೌನಾಕ್ಕೆ, ಆ ಹಬೆಯ ಕೋಣೆಯಲ್ಲಿ ಬೆವರಲು, ಹೋಗಿದ್ದಾನೆ, ಅಣ್ಣ ತಮ್ಮ ರಾಜಿಯಾದರು ಎಂದು ಖುಷಿಯಾದೆ. ಮೀನಿನ ಸಾರನ್ನು ಒಲೆಯ ಮೇಲಿಟ್ಟು ಮಲಗಿದೆ. ಚೆನ್ನಾಗಿ ನಿದ್ದೆಯೂ ಬಂತು.

ಎಬ್ಬಿಸಿದ್ದು ಮುಮ್ಮು. ಏಲಕ್ಕಿ ಹಾಕಿದ ನಿಸು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. "ಎಲ್ಲಿ ಹುಡುಗಿ ನನ್ನ ಮೊಮ್ಮಗ? ಬಿಸಿ ಇರೋವಾಗಲೇ ತಿನ್ನಲಿ."

"ವೈನೋ ಮನೇಲಿ."

"ನಾನು ಬಂದಿದ್ದೇ ವೈನೋ ಮನೆಯಿಂದ" ಎಂದಳು.

ಇಬ್ಬರೂ ಕಂಬದ ಹತ್ತಿರ ಹೋದೆವು. ಮುಮ್ಮು ಬರಿಯ ಮೊಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕಾಡಿನೊಳಗೆ ಹೋದ ಸ್ಕೀ ಗೆರೆಗಳಿದ್ದವು, ಬಂದ ಗೆರೆಗಳಿರಲಿಲ್ಲ. ಪಕ್ಕದಲ್ಲಿ ಯಾವುದೋ ಪ್ರವಾಸಿ ಮಗುವಿನ ಪುಟ್ಟ ಬೂಟುಗಳ ಗುರುತಿತ್ತು. ಅದನ್ನು ನೋಡಿದ್ದೇ ನನ್ನ ಕಾಲು ತಾನಾಗಿ ಪಾರ್ಕಿನ ಕಚೇರಿಯ ಕಡೆ ನಡೆಯಿತು. ಅಲ್ಲಿನ ಕಟ್ಟೆಯ ಮೇಲೆ, ಪ್ರವಾಸಿಗರು ಬಿಟ್ಟುಹೋದ ಸಾಮಾನಿನ ಡಬ್ಬದೊಳಗೆ, ಯಾರದೋ ಟೋಪಿ, ಯಾರದೋ ಕನ್ನಡಕದ ನಡುವೆ ನಿನ್ನ ಅಪ್ಪನ ಕೈಗವಸು ಮಲಗಿತ್ತು.

"ಒಂದು ಪುಟ್ಟ ಹುಡುಗಿ ಹಿಮದ ಗುಡ್ಡೆ ಹತ್ತಿ ಇಳಿಸಿ ತಂದುಕೊಟ್ಟಳು" ಎಂದು ಅಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ಹೆಣ್ಣುಮಗಳು ನಕ್ಕಳು. "ಪಾಪ, ಯಾರದೋ ಕೈ ಚಳಿಗೆ ಸೆಟೆದುಕೊಂಡಿರುತ್ತೆ ಅಂತ ಅಳೋ ಹಾಗಿದ್ದಳು."

ಆ ಮಗುವಿನ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ನೀನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಕೈಗವಸನ್ನು ತಂದು ಅದರ ಮೊಳೆಗೇ ಸಿಕ್ಕಿಸಿದೆ. ಬೇರೆಯವರದನ್ನು ಮುಟ್ಟಿದ್ದು ಅದೇ ಮೊದಲು.

ಮುಮ್ಮು ಹೇಳಿಕಳಿಸಿದ್ದೇ ವೈನೋ ಹಿಮಬಂಡಿಯ ಹಿಂದೆ ಜಾರುಗಾಡಿ ಕಟ್ಟಿಕೊಂಡು ಬಂದ. ಕಂಬಳಿ, ಹಗ್ಗ, ಕಾಫಿಯ ಫ್ಲಾಸ್ಕು. ಜೀವ ಉಳಿಸಲು ಎಲ್ಲಿಗೆ ಬೇಕಾದರೂ ಹೋಗಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೂ ಅವನು ಎಂಜಿನ್ ನಿಲ್ಲಿಸದೆ ನನ್ನ ಮುಂದೆ ನಿಂತ.

"ಏನತ್ತಿಗೆ, ನಿನ್ನ ದೇವಸ್ಥಾನದೊಳಗೆ ನನ್ನ ಬಂಡಿ ಹೋಗಬಹುದಾ? ಕರಪತ್ರದಲ್ಲಿ ಏನಂತ ಬರೆದಿದೀಯ?"

"ನಾಳೆ ಜಗಳ ಆಡೋಣ ವೈನೋ" ಎಂದೆ. "ಇವತ್ತು ಹೋಗು."

ಅವನ ಮುಖದ ಕುಹಕ ಕರಗಿತು. ಅವನಿಗೂ ಹೆದರಿಕೆಯಾಗಿತ್ತು. ಅದನ್ನು ನೋಡಬಾರದಿತ್ತು ಎನ್ನಿಸಿತು. "ಉಸಿರಿದ್ರೆ ಅವನ ಕೈಯಿಂದಲೇ ಇಳಿಸ್ತೀನಿ" ಎಂದು ಕಂಬದ ಕಡೆ ಗಲ್ಲ ಎತ್ತಿ ತೋರಿಸಿ ಹೋದ. ನಾನೂ ಬರುತ್ತೇನೆಂದಾಗ ಮುಮ್ಮು ನನ್ನ ಕೋಟಿನ ಬೆನ್ನು ಹಿಡಿದಿದ್ದಳು. "ಒಬ್ಬನನ್ನ ಹುಡುಕೋಕೆ ಇಬ್ಬರನ್ನ ಕಳಿಸ್ಲಾ?"

ಈಗ ಮುಮ್ಮು ನನ್ನ ಹಿಂದೆ ಒಲೆಯ ಪಕ್ಕ ಕುಳಿತಿದ್ದಾಳೆ. ಹೆಣಿಗೆ ಕಡ್ಡಿಗಳ ಸದ್ದು. ನಿನ್ನವನ್ನು ಹೆಣೆಯುತ್ತಿದ್ದಾಳೆ. ಎರಡು ಆಗಿವೆ, ನನ್ನ ಹೆಬ್ಬೆರಳಿನಷ್ಟು ಗಾತ್ರ. ಮೂರನೆಯದನ್ನು ಶುರುಮಾಡಿದಾಗ ತಡೆಯಲಾಗಲಿಲ್ಲ. "ಮೂರನೆಯದು ಬೇಡ" ಎಂದೆ.

"ಯಾಕೆ, ಮಗೂನ ಒಲೆ ಕಾಲಿಗೆ ಕಟ್ಟಿಹಾಕ್ತೀಯಾ?" ಎಂದಳು. "ಹಾಗಾದ್ರೆ ಮೊದಲ ಎರಡನ್ನೂ ಬಿಚ್ಚಿಬಿಡ್ತೀನಿ. ಮನೇಲಿ ಕೂರೋರಿಗೆ ಕೈಗವಸು ಯಾತಕ್ಕೆ?" ಆಮೇಲೆ ದನಿ ತಗ್ಗಿಸಿ ಹೇಳಿದಳು, "ಬಂಡಿ ಬಂದಾಗ ಕಂಬದ ಹತ್ರ ನಿಲ್ಲುತ್ತಾ ನೋಡು. ನಿಲ್ಲದೆ ಸೀದಾ ಮನೆ ಬಾಗಿಲಿಗೆ ಬಂದ್ರೆ ನೀನು ಏಳಬೇಡ. ನಾನು ಹೋಗ್ತೀನಿ."

ಕೂಸೇ, ನನ್ನ ಭಯ ಯಾವುದೆಂದು ನಿನಗೆ ಹೇಳಿಬಿಡುತ್ತೇನೆ. ಅವನು ಬರದೆ ಹೋದರೆ ಎಂಬುದು ಮೊದಲನೆಯದು. ಅದನ್ನು ಪೂರ್ತಿ ಯೋಚಿಸಲು ನನಗೆ ಧೈರ್ಯವಿಲ್ಲ, ಅಂಚಿಗೆ ಹೋಗಿ ಮರಳುತ್ತೇನೆ. ಇನ್ನೊಂದು, ಅವನು ಬರದೆ ಹೋದರೆ ನಾನು ಈ ಕಾಡನ್ನು ದ್ವೇಷಿಸುತ್ತೇನೆ ಎಂಬುದು. ದಾರಿಗೆಲ್ಲ ದೀಪ ಹಾಕಿ, ಬೇಲಿ ಕಟ್ಟಿ, ಬಂಡಿ ಓಡಿಸಿ ಎಂದು ಕೂಗುವ ಮೊದಲ ಹೆಂಗಸು ನಾನೇ ಆಗುತ್ತೇನೆ. ನಿನಗೆ ಕೊಡಲೆಂದು ಕಾಪಾಡಿದ್ದು ಈ ಕಾಡೊಂದೇ. ಅದನ್ನೂ ಕಳೆದುಕೊಂಡ ತಾಯಿಗೆ ನೀನು ಹುಟ್ಟುತ್ತೀಯ. ಕಾಡಿಗೆ ನಮ್ಮ ಮೇಲೆ ಹಗೆಯಿಲ್ಲ, ಮಮತೆಯೂ ಇಲ್ಲ. ಅತಿಥಿ ಎಂಬ ಮಾತನ್ನು ಎಷ್ಟು ಸಲ ಬರೆದೆ. ಬಂದವರನ್ನು ನೋಡಿಕೊಳ್ಳುವ ಮನೆಯವರು ಅಲ್ಲಿ ಯಾರೂ ಇಲ್ಲ ಎಂಬುದನ್ನು ಯೋಚಿಸಿಯೇ ಇರಲಿಲ್ಲ.

ನೀನು ಒದೆಯುತ್ತಿದ್ದೀಯ. ಒದೆ. ಬಿಸಿಲು ಓರೆಯಾಗಿದೆ. ಕಂಬದ ನೆರಳು ರಸ್ತೆ ದಾಟಿ ನಮ್ಮ ಅಂಗಳಕ್ಕೆ ಬಂದಿದೆ. ಬಂಡಿಯ ಸದ್ದು ಕೇಳುತ್ತಿದೆ. ಹತ್ತಿರದಲ್ಲೋ ದೂರದಲ್ಲೋ ತಿಳಿಯುತ್ತಿಲ್ಲ.

ಇಲ್ಲಿಗೆ ಪೆನ್ನು ಕೆಳಗಿಟ್ಟಿದ್ದೆ. ಉಳಿದದ್ದನ್ನು ಬೆಳಿಗ್ಗೆ ಬರೆಯುತ್ತಿದ್ದೇನೆ.

ಬಂಡಿ ಮರಗಳ ಸಂದಿನಿಂದ ಹೊರಬಂತು. ತೀರಾ ನಿಧಾನ. ಜಾರುಗಾಡಿಯ ಮೇಲೆ ಕಂಬಳಿಯ ಗಂಟಿತ್ತು, ಅಲುಗುತ್ತಿರಲಿಲ್ಲ. ಬೆನ್ನ ಹಿಂದೆ ಕಡ್ಡಿಗಳ ಸದ್ದು ನಿಂತಿತು. ಬಂಡಿ ಕಂಬದ ಹತ್ತಿರ ಬಂತು. ನಿಲ್ಲಲಿಲ್ಲ. ಕಂಬವನ್ನು ದಾಟಿತು. ಮುಮ್ಮು ಎದ್ದು ನಿಂತದ್ದು, ಅವಳ ಕುರ್ಚಿ ಹಿಂದಕ್ಕೆ ಸರಿದದ್ದು ಕೇಳಿಸಿತು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ರೆಪ್ಪೆ ಮುಚ್ಚಲಿಲ್ಲ.

ಬಂಡಿ ದಾಟಿದ್ದು ಹಿಂದಿನ ಜಾರುಗಾಡಿ ಕಂಬಕ್ಕೆ ಸರಿಯಾಗಿ ಬರಲೆಂದು. ಅಲ್ಲಿ ನಿಂತಿತು. ವೈನೋ ಇಳಿದು ಹೋಗಿ ಕಂಕುಳಿಗೆ ಕೈಕೊಟ್ಟು ಆ ಗಂಟನ್ನು ಎಬ್ಬಿಸಿದ. ಕಂಬಳಿಯೊಳಗಿಂದ ಒಂದು ಕೈ ಹೊರಬಂತು. ಮೊದಲ ಸಲ ಮೊಳೆ ತಪ್ಪಿತು. ವೈನೋ ಸಹಾಯಕ್ಕೆ ಕೈ ಚಾಚಲಿಲ್ಲ, ಕಾದ. ಎರಡನೆಯ ಸಲ ಆ ಕೈ ಬೂದು ಕೈಗವಸನ್ನು ಇಳಿಸಿತು.

ನಿನ್ನ ಅಪ್ಪ ಒಳಗೆ ಮಲಗಿದ್ದಾನೆ. ಸ್ಕೀ ಮುರಿದು ಹಳ್ಳಕ್ಕೆ ಬಿದ್ದಿದ್ದ. ಕಾಲು ಬ್ಯಾಂಡೇಜಿನೊಳಗಿದೆ. ಚಳಿಗೆ ಮರಗಟ್ಟಿದ ಎರಡು ಕಾಲ್ಬೆರಳು ಉಳಿಯುತ್ತವೋ ಇಲ್ಲವೋ ವೈದ್ಯರು ಇನ್ನೂ ಹೇಳಿಲ್ಲ. ಕೆರೆ ನೋಡಿದೆಯಾ ಎಂದು ಕೇಳಿದೆ, ನೋಡಿದೆ ಎಂದ. ಹೇಗಿತ್ತು ಎಂದು ಕೇಳಲು ನನಗಿನ್ನೂ ಆಗಿಲ್ಲ. ಅವನ ಉಸಿರಾಟ ಕೇಳುತ್ತಿದೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡುತ್ತಿದ್ದೇನೆ. ಅವನು ಬಂದ ಮೇಲೂ ಭಯ ಹೊರಟುಹೋಗಲಿಲ್ಲ, ಮನೆಯೊಳಗೇ ಉಳಿದಿದೆ. ವೈನೋ ಬಾಗಿಲಲ್ಲಿ ನಿಂತು, "ಜಗಳ ಇವತ್ತಾ ಅತ್ತಿಗೆ?" ಎಂದ. "ಕಾಫಿ ಕುಡಿದ ಮೇಲೆ" ಎಂದೆ. ಆಡಿದೆವು. ನಾನು ಬಿಟ್ಟುಕೊಡಲಿಲ್ಲ. ಅವನೂ ಬಿಟ್ಟುಕೊಡಲಿಲ್ಲ.

ಮುಮ್ಮು ನಿನ್ನ ಮೂರನೆಯದನ್ನು ಮುಗಿಸಿ ಮೇಜಿನ ಮೇಲಿಟ್ಟು ಹೋಗಿದ್ದಾಳೆ. ಅದನ್ನು ಕೈಯಲ್ಲಿ ಹಿಡಿಯಲು ಹೆದರಿಕೆಯಾಗುತ್ತಿದೆ. ಆದರೂ ಸುತ್ತಿಗೆ ತೆಗೆದುಕೊಂಡು ಹೋಗಿ ಕಂಬದ ಬುಡದ ಹತ್ತಿರ, ನಿನ್ನ ಕೈಗೆ ಎಟಕುವಷ್ಟು ಎತ್ತರದಲ್ಲಿ, ಒಂದು ಮೊಳೆ ಹೊಡೆದು ಬಂದಿದ್ದೇನೆ.

ಎಲ್ಲಿಗೆ ಹೋದರೂ ನಿನ್ನದನ್ನು ನೀನೇ ಬಂದು ಇಳಿಸುವಂತಾಗಲಿ.

ಕಿಟಕಿಯ ಬಳಿಯಿಂದ,
ನಿನ್ನ ಅಮ್ಮ
ಐಲಾ