ಲೇಬಲ್ ಅಂಟಿಸಿದ ಬದಿ

ಮಾರ್ಚ್ 4, ಮಧ್ಯಾಹ್ನ 12
ಕ್ವಾರಿಯಲ್ಲಿ ಸಿಕ್ಕ ಅಸ್ಥಿಪಂಜರದ ತಲೆಬುರುಡೆ. ಮೂರು ಸಲ ಎಕ್ಸ್‌ರೇ ತೆಗೆದೆ, ಮೂರನ್ನೂ ಮೂಳೆ ಮೇಡಂ — ಮೂಳೆ ನೋಡಿ ಯಾರದ್ದು ಅಂತ ಹೇಳೋ ನಮ್ಮ ಡಾಕ್ಟರು — ವಾಪಸ್ ಕಳಿಸಿದರು. ಹಳೇ ಫಿಲಂನಲ್ಲಿ ತಲೆ ಎಷ್ಟು ವಾಲಿದೆಯೋ ಅಷ್ಟೇ ವಾಲಬೇಕಂತೆ. ನಾಲ್ಕನೆಯದಕ್ಕೆ "ಹ್ಞೂಂ" ಅಂದರು. ಅವರ ಬಾಯಲ್ಲಿ ಅದೇ ದೊಡ್ಡ ಬಿರುದು.

ಹಳೇ ಫಿಲಂ ತಂದದ್ದು ಒಬ್ಬರು ಅಕ್ಕ. ಎರಡು ವರ್ಷದಿಂದ ತಮ್ಮ ಕಾಣೆ. ಅವನಿಗೆ ಹಿಂದೊಮ್ಮೆ ತಲೆನೋವು ಬಂದಾಗ ತೆಗೆಸಿದ ಸೈನಸ್ ಎಕ್ಸ್‌ರೇ. ಹಣೆಯ ಮೂಳೆಯೊಳಗಿನ ಆ ಗಾಳಿಗೂಡಿನ ಅಂಚು ಒಬ್ಬರದ್ದಿದ್ದಂತೆ ಇನ್ನೊಬ್ಬರದ್ದಿರಲ್ಲ. ಮೇಡಂಗೆ ಅಷ್ಟು ಸಾಕು. ಮನೇಲಿ ನಮ್ಮವರು "ಹಣೆಬರಹ ಓದೋರು ಬಂದ್ರು" ಅಂತ ಗೇಲಿ ಮಾಡ್ತಾರೆ. ಮಾಡಲಿ.

ಮಾರ್ಚ್ 5, ಸಂಜೆ 4
ಮೇಡಂ ಸಾಕ್ಷಿ ಹೇಳೋಕೆ ಬೇರೆ ಊರಿನ ಕೋರ್ಟಿಗೆ. ತಡೆಯಲಾಗಲಿಲ್ಲ — ನಾನೇ ಎರಡೂ ಫಿಲಂ ಲೈಟ್‌ಬಾಕ್ಸ್‌ಗೆ ಹಾಕಿದೆ. ಹಳೇದರ ಲೇಬಲ್ ಓದೋಕೆ ಬರೋ ಹಾಗೆ. ಹೊಂದಲೇ ಇಲ್ಲ. ಒಂದರಲ್ಲಿ ಗೂಡಿನಂಚಿನ ಮೂರು ಉಬ್ಬು ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ನಿಮ್ ತಮ್ಮ ಅಲ್ಲ, ಅಕ್ಕ."
ಕೈ ಹಿಡಿದುಕೊಂಡು ಅತ್ತರು, ನಕ್ಕರು. "ನಿಮ್ ಬಾಯಿಗೆ ಸಕ್ಕರೆ ಹಾಕ, ತಾಯಿ."

ಮಾರ್ಚ್ 9, ಬೆಳಗ್ಗೆ 11
ಮಧ್ಯೆ ಏನೂ ಬರೆದಿಲ್ಲ. ಖುಷಿಯಲ್ಲಿದ್ದೆ.

ಮೇಡಂ ಬಂದರು. ಹೇಳಿದೆ. ಬೈಯಲಿಲ್ಲ — ಬೈದಿದ್ದರೆ ಚೆನ್ನಾಗಿತ್ತು. ಹಳೇ ಫಿಲಂನ ಲೇಬಲ್ಲನ್ನು ಉಗುರಿಂದ ಮೆಲ್ಲಗೆ ಎಬ್ಬಿಸಿದರು. ಅಡಿಯಲ್ಲಿ ಎಡಬದಿಯ ಗುರುತಿನ ಅಕ್ಷರ, ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ! ಆಸ್ಪತ್ರೆಯಲ್ಲಿ ಯಾರೋ ಲೇಬಲ್ಲನ್ನು ಹಿಂಬದಿಗೆ ಅಂಟಿಸಿದ್ದರು.

"ಲೇಬಲ್ ಯಾರೋ ಅಂಟಿಸ್ತಾರಮ್ಮ. ಮೊದ್ಲು ಈ ಅಕ್ಷರ ಹುಡುಕು."

ಫಿಲಂ ಮಗುಚಿ ಒಂದರ ಮೇಲೊಂದು ಇಟ್ಟರು. ಉಬ್ಬಿಗೆ ಉಬ್ಬು, ತಗ್ಗಿಗೆ ತಗ್ಗು. ಆಮೇಲೂ ಬಿಡಲಿಲ್ಲ ಪುಣ್ಯಾತ್ಗಿತ್ತಿ. ಒಂದು ಗಂಟೆ ಅಳೆದರು — ಅವನಲ್ಲ ಅನ್ನೋಕೆ ಒಂದಾದರೂ ಕಾರಣ ಸಿಗುತ್ತಾ ಅಂತ. ಸಿಗಲಿಲ್ಲ. ಇಂಥವರ ಕೈಕೆಳಗೆ ಇದೀನಲ್ಲ, ಅದು ನನ್ನ ಪುಣ್ಯ. ಅಕ್ಕನಿಗೆ ಬರೋಕೆ ಫೋನ್ ಮಾಡಿದೆ.

ಅದೇ ದಿನ, 1.15
"ತಪ್ಪು ನಮ್ದು ಅಂತ ನಾನು ಹೇಳ್ತೀನಿ" ಅಂದರು ಮೇಡಂ. ನಿನ್ನದು ಅನ್ನಲಿಲ್ಲ. ಬೇಡ, ನಾನೇ ಹೇಳ್ತೀನಿ ಅಂದೆ. ಪಕ್ಕದಲ್ಲಿ ಬಂದು ನಿಂತರು.

ಅಕ್ಕ ಕೂಗಾಡಲಿಲ್ಲ. ಬ್ಯಾಗಿನ ಜಿಪ್ ಎಳೆದರು, ಮತ್ತೆ ಹಾಕಿದರು. ಆಮೇಲೆ ನನ್ನನ್ನೇ ನೋಡಿ —
"ನಾಲ್ಕು ದಿನ ಬದುಕಿದ್ದ, ಅಲ್ವಾ?"