ಒಂದೂವರೆಗೇ ಬೆಳಗು ಮಾಡಿದ ದೀಪ

ಬೀದಿದೀಪ ವಿಭಾಗದ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ತಿರುವಿನಲ್ಲಿ ನೀವು ನೆಟ್ಟ ದೀಪ ಒಂದು ಹಕ್ಕಿಯನ್ನು ಕೊಂದಿದೆ. ನನ್ನ ಮಾವನವರ ಕೈಯಿಂದ ಬಸ್ಸಿನ ಸ್ಟೀರಿಂಗ್ ಬಿಡಿಸಿದೆ. ಆ ದೀಪ ಬೇಕೆಂದು ಅರ್ಜಿ ಕೊಟ್ಟವಳು ನಾನೇ. ತಪ್ಪೊಪ್ಪಿಕೊಳ್ಳುವುದಾದರೆ ನಾಲ್ಕು ಜನರ ಮುಂದೆಯೇ ಆಗಲಿ ಎಂದು ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನನಗೆ ಮದುವೆಯಾಗಿ ಏಳು ತಿಂಗಳು, ಹನ್ನೊಂದು ದಿನ! ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಈ ಪತ್ರದ ಕಾಗುಣಿತ ತಿದ್ದಿದವರು ನಮ್ಮನೆಯವರು, ಸಂಕಟ ಮಾತ್ರ ಪೂರ್ತಿ ನನ್ನದು. ಈ ಮನೆಗೆ ಬಂದಾಗ ನನಗೆ ಎಲ್ಲದರ ಮೇಲೂ ಪ್ರೀತಿ ಉಕ್ಕಿತ್ತು. ಕಿರುಗುಟ್ಟುವ ಬಾಗಿಲಿನ ಮೇಲೂ! ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು, ಇಲ್ಲಿ ಅಲಾರಂ ಇರಲಿಲ್ಲ ಎಂಬುದು. ಮಾವ ಇಪ್ಪತ್ತೊಂಬತ್ತು ವರ್ಷಗಳಿಂದ ಐದು ಗಂಟೆಯ ಮೊದಲ ಬಸ್ಸು ಓಡಿಸುತ್ತಿದ್ದವರು. ಹಿಂದಿನ ಗೋಡೆಯಾಚೆಯ ಮರದಿಂದ ಒಂದು ಕಪ್ಪು-ಬಿಳುಪು ಹಕ್ಕಿ ನಾಲ್ಕು ಗಂಟೆಗೆ ಸಿಳ್ಳೆ ಹಾಕಿದರೆ ಅವರು ಏಳುತ್ತಿದ್ದರು. ಅದರ ಹೆಸರು ಕಂಡಕ್ಟರ್. "ಕಂಡಕ್ಟರ್ ಸೀಟಿ ಊದಿದ ಮೇಲೂ ಡ್ರೈವರ್ ಮಲಗಿರೋದುಂಟೇನಮ್ಮಾ?" ಎನ್ನುತ್ತಿದ್ದರು. ಅದು ಹಾಡದ ತಿಂಗಳುಗಳಲ್ಲಿ ಅತ್ತೆ ಎಬ್ಬಿಸುತ್ತಿದ್ದರು: "ಏಳಿ, ನಿಮ್ಮ ಕಂಡಕ್ಟರ್ ರಜಾ ಹಾಕಿದಾನೆ." ಒಂದು ಹಕ್ಕಿ ಹೋದರೆ ಇನ್ನೊಂದು ಬರುತ್ತಿತ್ತಂತೆ. ನಿಮ್ಮ ಕಚೇರಿಯ ಹಾಗೆ ಹುದ್ದೆ ಖಾಲಿ ಬೀಳುತ್ತಿರಲಿಲ್ಲ.

ನಾನು ಲ್ಯಾಬಿನ ಕೆಲಸ ಮುಗಿಸಿ ಬರುವಾಗ ಕತ್ತಲಾಗುತ್ತದೆ. ತಿರುವಿನಲ್ಲಿ ಎರಡು ಸಲ ಎಡವಿದೆ. ಕೇಳಿದ್ದು ಒಂದು ಬಲ್ಬು. ನೀವು ಕೊಟ್ಟಿದ್ದು ತೆಂಗಿನಮರದೆತ್ತರದ ಕಂಬ, ಅದರ ತುದಿಗೆ ಆರು ದೀಪ. ಮೂರು ನೆಲಕ್ಕೆ, ಎರಡು ಜನರ ಮಲಗುವ ಕೋಣೆಗಳಿಗೆ, ಒಂದು ಆಕಾಶಕ್ಕೆ. ಆಕಾಶದಲ್ಲಿ ಯಾರು ಎಡವಿ ಬೀಳುತ್ತಿದ್ದರೋ ನಿಮಗೇ ಗೊತ್ತು! ನಾನೋ, ಹಿಗ್ಗಿ ಹೀರೆಕಾಯಿಯಾಗಿ ಕೃತಜ್ಞತೆಯ ಪತ್ರ ಬರೆದೆ. ನೀವು ಅದನ್ನು 'ನಾಗರಿಕರ ಮೆಚ್ಚುಗೆ' ಎಂಬ ಫಲಕಕ್ಕೆ ಅಂಟಿಸಿದಿರಿ.

ದೀಪ ಹತ್ತಿದ ಮೂರನೆಯ ರಾತ್ರಿ ಕಂಡಕ್ಟರ್ ಒಂದೂವರೆಗೇ ಸೀಟಿ ಊದಿದ. ಮಾವ ಎದ್ದು, ಸ್ನಾನ ಮಾಡಿ, ಖಾಕಿ ತೊಟ್ಟು ಡಿಪೋಗೆ ನಡೆದೇಬಿಟ್ಟರು. ಅಲ್ಲಿನ ಕಾವಲುಗಾರ ಕೇಳಿದನಂತೆ: "ಏನ್ ಸಾರ್, ನಿನ್ನೆ ಬಸ್ಸಿಗೆ ಲೇಟಾಗಿ ಬಂದ್ರೋ, ಇವತ್ತಿನ ಬಸ್ಸಿಗೆ ಬೇಗ ಬಂದ್ರೋ?" ಬೆಳಿಗ್ಗೆ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಾನೇ ಹೆಚ್ಚು ನಕ್ಕೆ.

ಆದರೆ ಹಕ್ಕಿ ಅಂದಿನಿಂದ ನಿಲ್ಲಿಸಲೇ ಇಲ್ಲ. ಅದಕ್ಕೆ ಬೆಳಗೆಂದರೆ ಬೆಳಕು. ನಿಮ್ಮ ಟೆಂಡರ್ ಓದಿರಲಿಲ್ಲ ಪಾಪ. ನಾವು ಕಿಟಕಿಗೆ ದಪ್ಪ ಕಂಬಳಿ ಕಟ್ಟಿದೆವು. ಹಕ್ಕಿಗೆ ಕಂಬಳಿ ಕಟ್ಟುವವರು ಯಾರು? ಅಲಾರಂ ತಂದೆವು. ಆದರೆ ಸಿಳ್ಳೆ ಕೇಳಿದರೆ ಮಾವನ ಕಾಲು ತಾನಾಗಿ ನೆಲಕ್ಕಿಳಿಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸಕ್ಕೆ ಯಾವ ಕಂಬಳಿ ಹೊದಿಸುತ್ತೀರಿ?

ನಲವತ್ತನೆಯ ದಿನ ಅದು ಮರದ ಬುಡದಲ್ಲಿ ಬಿದ್ದಿತ್ತು. ಗಾಯವಿರಲಿಲ್ಲ. ಕೈಗೆತ್ತಿಕೊಂಡರೆ ಬರೀ ಎಲುಬು, ಗರಿ. ತೋರಿಸಲು ಒಯ್ದಾಗ ಪಶುವೈದ್ಯೆ ಹೇಳಿದರು: "ಹಗಲೆಲ್ಲ ಮರಿಗೆ ಹುಳ ತರೋದು, ರಾತ್ರಿಯೆಲ್ಲ ಹಾಡೋದು. ಎಷ್ಟು ದಿನ ತಡೆಯುತ್ತೆ ಹೇಳಿ?" ಮಾವ ಅದನ್ನು ತಮ್ಮ ಟೋಪಿಯಲ್ಲಿಟ್ಟುಕೊಂಡು ಕುಳಿತರು. ಆಮೇಲೆ, "ಡ್ಯೂಟಿ ಮುಗೀತು ಅಂತ ಇವನಿಗೆ ಯಾರೂ ಹೇಳಲೇ ಇಲ್ಲವಲ್ಲಮ್ಮಾ" ಎಂದರು.

ಅದೇ ವಾರ ಬಸ್ಸು ಓಡಿಸುವಾಗ ಅವರ ರೆಪ್ಪೆ ಒಂದು ಕ್ಷಣ ಮುಚ್ಚಿತು. ಮುಂದಿನ ಚಕ್ರ ಫುಟ್‌ಪಾತಿನ ಕಲ್ಲು ಹತ್ತಿತು. ಯಾರಿಗೂ ಏನೂ ಆಗಲಿಲ್ಲ. ಯಾರೂ ಬೈಯಲೂ ಇಲ್ಲ. ಮಾವ ತಾವೇ ಕೀ ಒಪ್ಪಿಸಿ ಬಂದರು. "ಇವತ್ತು ಕಲ್ಲು ಸಿಕ್ತು, ನಾಳೆ ಮಗು ಸಿಕ್ಕಿದ್ರೆ?" ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ಅತ್ತೆ ಖಾಕಿ ಒಗೆದು, ಇಸ್ತ್ರಿ ಮಾಡಿ, ಎಂದಿನ ಮೊಳೆಗೇ ನೇತುಹಾಕಿದ್ದಾರೆ.

ನಾನು ನಿಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ಸಭ್ಯರು, ಕುರ್ಚಿ ಕೊಟ್ಟರು. "ಮೇಡಂ, ಬೆಳಕು ಇಲ್ಲ ಅನ್ನೋ ದೂರಿಗೆ ಫಾರಂ ಇದೆ. ಬೆಳಕು ಜಾಸ್ತಿ ಅನ್ನೋದಕ್ಕೆ ಇಲ್ಲವಲ್ಲ!" ಎಂದರು. ನಾನು ಬಿಳಿ ಹಾಳೆಯಲ್ಲೇ ಬರೆದು ಕೊಟ್ಟೆ. ಅದು ಯಾವ ಕತ್ತಲಲ್ಲಿದೆಯೋ!

ನನಗೆ ಕತ್ತಲೆಂದರೆ ಈಗಲೂ ಭಯ. ದೀಪ ಬೇಡ ಎನ್ನುತ್ತಿಲ್ಲ. ತಿರುವಿನಲ್ಲಿ ನೆಲ ನೋಡುವ ಒಂದು ದೀಪವಿರಲಿ, ಅದಕ್ಕೊಂದು ಮುಚ್ಚಳವಿರಲಿ. ಉಳಿದ ಐದನ್ನು ಇಳಿಸಿ. ಅಲ್ಲಿಯವರೆಗೆ ಫಲಕದಿಂದ ನನ್ನ ಪತ್ರ ತೆಗೆಯಿರಿ.

ಬೇಗ ಮಾಡಿ. ಮರಕ್ಕೆ ಹೊಸ ಹಕ್ಕಿ ಬಂದಿದೆ. ನಿನ್ನೆ ಎರಡು ಗಂಟೆಗೆ ಸಿಳ್ಳೆ ಕೇಳಿ ನಾನು ಎದ್ದು ಬಂದೆ. ಮಾವ ಆಗಲೇ ಕಂಬಳಿ ಸರಿಸಿ ಕಿಟಕಿಯ ಬಳಿ ನಿಂತಿದ್ದರು. "ಇನ್ನೂ ಟೈಮಿದೆ ಕಣೋ," ಎಂದು ಮೆಲ್ಲಗೆ ಹೇಳುತ್ತಿದ್ದರು, "ಮಲಗು, ಮಲಗು."

ಇಂತಿ,
ಮೂರು ಆಶ್ಚರ್ಯಚಿಹ್ನೆ ಹಾಕಿ ನಿಮಗೆ ಧನ್ಯವಾದ ಹೇಳಿದ್ದ ಅದೇ ಸೊಸೆ