ಕರೆಂಟ್ ಹೋದ ಹೊತ್ತು

ನೂಲಗೇರಿ, ಮಗ್ಗದ ಓಣಿ
ಶ್ರಾವಣದ ಎರಡನೇ ಸೋಮವಾರ, ಇಸವಿ ಎರಡು ಸಾವಿರದ ನೂರ ಎಪ್ಪತ್ನಾಲ್ಕು

ಇಂದ್ರವ್ವ ಆಯಿಗೆ ಅಂಬಕ್ಕನ ಶರಣು.

ಮೇಲಿನ ಇಸವಿ ನೋಡಿ, ಯಾರೋ ಕುಡಿದು ಬರೆದಿದ್ದಾರೆಂದು ಕಾಗದವನ್ನು ಒಲೆಗೆ ಹಾಕಬೇಡ. ಬರೆದವಳು ನಿನ್ನ ಕರುಳಿನವಳೇ. ನಿನ್ನ ಮಗಳು ಕಸ್ತೂರಿ ಇದ್ದಾಳಲ್ಲ, ಅವಳ ಮರಿಮಗಳ ಮಗಳು ನಾನು. ಲೆಕ್ಕಕ್ಕೆ ನೀನು ನನ್ನ ಹಿರಿಯಳು. ಆದರೆ ನಿನಗೀಗ ನಲವತ್ಮೂರು, ನನಗೆ ಎಪ್ಪತ್ನಾಲ್ಕು. ಹಾಗಾಗಿ ಆಯಿ ಎಂದು ಕರೆಯುತ್ತಲೇ ನಿನ್ನನ್ನು ಎರಡು ಮಾತು ಬೈಯುವ ಅಧಿಕಾರವೂ ನನಗಿದೆ. ನಮ್ಮ ಕಾಲದ ಕನ್ನಡ ನಿನ್ನ ಕಿವಿಗೆ ಸೊಟ್ಟಗೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ; ಹೊಸ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಕಾಗದ ಬರೆಯುತ್ತಿರುವುದು ನಿನ್ನ ಜೀವದ ವಿಷಯಕ್ಕೆ. ಅದನ್ನು ನೆಟ್ಟಗೆ ಹೇಳಲು ನಾಲಿಗೆ ಏಳುತ್ತಿಲ್ಲ, ಸ್ವಲ್ಪ ಸುತ್ತಿ ಬರುತ್ತೇನೆ.

ನಮ್ಮ ಓಣಿ ಈಗಲೂ ಮಗ್ಗದ ಓಣಿಯೇ, ಆದರೆ ಮಗ್ಗಗಳಿಗೆ ಸದ್ದಿಲ್ಲ. ಬಟ್ಟೆ ತಾನಾಗಿ, ಬೆಕ್ಕಿನ ಹೆಜ್ಜೆಯಲ್ಲಿ ನೇಯ್ದುಕೊಳ್ಳುತ್ತದೆ. ನಿಮ್ಮ ಕಾಲದ ಒಂದು ಪಾವರ್‌ಲೂಮನ್ನು ಶಾಲೆಯ ಪಡಸಾಲೆಯಲ್ಲಿ ಇಟ್ಟಿದ್ದೇವೆ, ವರ್ಷಕ್ಕೊಮ್ಮೆ ಬನಶಂಕರಿ ಹುಣ್ಣಿಮೆಗೆ ಓಡಿಸುತ್ತೇವೆ. ಲಾಳಿ ಖಟಾಖಟ್ ಎಂದು ಹೊಡೆಯತೊಡಗಿದರೆ ಮಕ್ಕಳು ಕಿವಿ ಮುಚ್ಚಿಕೊಂಡು ಓಡುತ್ತಾರೆ. ನಮ್ಮಂಥ ಮುದುಕಿಯರು ಅಲ್ಲೇ ನಿಂತು ಅಳುತ್ತೇವೆ. ಕಂಡಿಲ್ಲದ ಕಾಲಕ್ಕೆ ಯಾಕೆ ಅಳುತ್ತೀರಿ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ, ನನಗೆ ಆ ಸದ್ದು ತವರಿನ ಸದ್ದು.

ನಮ್ಮಲ್ಲಿ ಪ್ರತಿ ಓಣಿಗೂ ಒಬ್ಬಳು ಹೇಳುಗಾರ್ತಿ ಇರುತ್ತಾಳೆ. ದವಾಖಾನೆಯ ಮಾತನ್ನು ಓಣಿಗೆ, ಓಣಿಯ ಮಾತನ್ನು ದವಾಖಾನೆಗೆ ಮುಟ್ಟಿಸುವವಳು. ಅವಳು ಓದಿ "ತಿಳೀತು" ಎನ್ನುವ ತನಕ ಎಷ್ಟೇ ದೊಡ್ಡ ಡಾಕ್ಟರರ ಸೂಚನೆಯೂ ಗೋಡೆಗೆ ಅಂಟುವುದಿಲ್ಲ. ನಾನೂ ಬಹಳ ವರ್ಷ ಆ ಕೆಲಸ ಮಾಡಿದವಳು, ಬಹಳ ಡಾಕ್ಟರರಿಂದ ಮೂರು ಮೂರು ಸಲ ಬರೆಸಿದವಳು. ಮಧ್ಯಾಹ್ನದ ಊಟ ಮುಗಿದ ಮೇಲೆ ಎಲ್ಲರೂ ಕಟ್ಟೆಗೆ ಬಂದು ಮೈ ಪರೀಕ್ಷೆ ಮಾಡಿಸಿಕೊಳ್ಳುವ ಹೊತ್ತಿಗೆ ನಾವು 'ಕರೆಂಟ್ ಹೋದ ಹೊತ್ತು' ಎನ್ನುತ್ತೇವೆ. ನಮ್ಮಲ್ಲಿ ಕರೆಂಟ್ ಹೋಗುವುದೇ ಇಲ್ಲ, ಆಯಿ. ಅದು ಎಲ್ಲಿಗೆ ಹೋಗುತ್ತಿತ್ತು ಎಂದು ಮಕ್ಕಳು ಕೇಳಿದಾಗೆಲ್ಲ ನಿನ್ನ ಕಥೆ ಹೇಳಬೇಕಾಗುತ್ತದೆ.

ಆ ಕಥೆ ನಮ್ಮ ಮನೆಯಲ್ಲಿ ಹೀಗೆ ಉಳಿದಿದೆ, ತಪ್ಪಿದ್ದರೆ ನಕ್ಕುಬಿಡು. ಮೈಕು ಕಟ್ಟಿದ ಆಟೋ ಒಂದು ಓಣಿಗೆ ಬಂತಂತೆ. ಸಾರ್ವಜನಿಕರು ಅಧಿಕ ರಕ್ತದೊತ್ತಡ ತಪಾಸಣಾ ಶಿಬಿರದ ಸದುಪಯೋಗ ಪಡೆದುಕೊಳ್ಳಬೇಕು ಎಂದು ಕೂಗಿತಂತೆ. ನೂರಾರು ಮಗ್ಗ ಬಡಿಯುವ ಓಣಿಯಲ್ಲಿ ಯಾರಿಗೆ ಕೇಳಬೇಕು? ಅರ್ಧಂಬರ್ಧ ಕೇಳಿಸಿಕೊಂಡ ಪಕ್ಕದ ಮನೆಯ ಶಾಂತವ್ವ, "ರಕ್ತ ಒತ್ತಿ ತಗೀತಾರಂತ, ನಾ ಒಲ್ಲೆವ್ವಾ" ಎಂದು ಬಾಗಿಲು ಹಾಕಿಕೊಂಡಳು. ಶಿಬಿರದ ಕುರ್ಚಿಗಳು ಖಾಲಿ ಉಳಿದವು. ಈ ಜನಕ್ಕೆ ತಮ್ಮ ಮೈಮೇಲೆ ಕಾಳಜಿ ಇಲ್ಲ ಎಂದು ಪೇಟೆಯಲ್ಲಿ ಮಾತಾಯಿತು.

ಶಿಬಿರದ ನರ್ಸ್ ಜರೀನಾ ಮಾತ್ರ ಸುಮ್ಮನೆ ತಿರುಗಿ ಹೋಗಲಿಲ್ಲ. ನಿಮ್ಮ ಮಗ್ಗದ ಶೆಡ್ಡಿನೊಳಗೇ ಬಂದು ಗಂಟಲು ಹರಿಯುವಂತೆ ಕೂಗಿದಳು. ನೀನು ಅವಳ ಕೈ ಹಿಡಿದು ಹೊರಗೆ ಕರೆತಂದು ಹೇಳಿದೆ: "ಅಕ್ಕಾರ, ಒಳಗ ಬಾಯಿ ಸತ್ತೈತ್ರಿ, ಕೈ ಅಷ್ಟ ಮಾತಾಡ್ತೈತಿ." ಅವಳು ನಕ್ಕು, "ಹಂಗಾರ ನನಗೂ ಆ ಕೈಮಾತು ಕಲಿಸು" ಎಂದಳು. ಮಗ್ಗದ ಗದ್ದಲದಲ್ಲಿ ನೂಲು ಹರಿಯಿತು, ನೀರು ತಾ, ಮಾಲಕ ಬಂದ ಎಂದೆಲ್ಲ ಕೈಯಲ್ಲೇ ಹೇಳಿಕೊಳ್ಳುತ್ತಿದ್ದ ನೀವು ಅವತ್ತು ಇನ್ನೊಂದು ಸನ್ನೆ ಹುಟ್ಟಿಸಿದಿರಿ. ತನ್ನ ತೋಳನ್ನು ತಾನೇ ಹಿಡಿದು ಎರಡು ಸಲ ಅದುಮಿ, ಎದುರಿನವಳತ್ತ ಗದ್ದ ಎತ್ತುವುದು. ಎಂದರೆ, ನಿಂದು ನೋಡಿಸಿದಿ? "ಕರೆಂಟ್ ಇದ್ದಾಗ ಮಗ್ಗ ಬಿಟ್ಟರ ಕೂಲಿ ಹೋಗ್ತೈತ್ರಿ, ಕರೆಂಟ್ ಹೋದಾಗ ಬರ್ರಿ, ಓಣಿಗೆ ಓಣಿನ ಕಟ್ಟಿಮ್ಯಾಲೆ ಕುಂತಿರತೈತಿ" ಎಂದು ಹೊತ್ತು ಹೇಳಿದವಳೂ ನೀನೇ. ಅಲ್ಲಿಂದ ಜರೀನಾ ಹಲಗೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಳು. ಶಾಂತವ್ವನೇ ಮೊದಲು ತೋಳು ಚಾಚಿದಳು, ರಕ್ತ ಒತ್ತಿ ತೆಗೆಯುವುದಿಲ್ಲ ಎಂದು ನೀನು ಬನಶಂಕರಿ ಆಣೆ ಮಾಡಿದ ಮೇಲೆ.

ಉಪ್ಪು ಕಡಿಮೆ ಮಾಡಿ ಎಂದು ಜರೀನಾ ಹೇಳಿದಾಗ ಹೆಂಗಸರೆಲ್ಲ ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎಂದು ಗಾದೆ ತೆಗೆದರಂತೆ. ನೀನು ಅಂದೆಯಂತೆ: "ಮೊದಲನೇದು ಚೂರು ಕಡಿಮಿ ಮಾಡ್ರಿ, ಎರಡನೇದು ಉಳೀತೈತಿ." ಈ ಮಾತನ್ನು ನಾವು ನಮ್ಮ ದವಾಖಾನೆಯ ಬಾಗಿಲ ಮೇಲೆ ಬರೆಸಿದ್ದೇವೆ. ಅದರ ಕೆಳಗೆ ಹಾಯುವಾಗಲೆಲ್ಲ ನನಗೆ ಮೊದಲು ನಗು ಬರುತ್ತದೆ, ಆಮೇಲೆ ನಿನಗೇನಾಯಿತು ಎಂಬುದು ನೆನಪಾಗುತ್ತದೆ.

ಈಗ ಸುತ್ತುವುದು ಸಾಕು. ನೀನು ಓಣಿಯ ಎಲ್ಲರ ತೋಳು ಹಿಡಿಸಿದೆ, ನಿನ್ನದನ್ನು ಹಿಡಿಸಲಿಲ್ಲ. ಜರೀನಾ ಕರೆದಾಗೆಲ್ಲ "ನಂದೇನ ಅವಸರ, ಅವರು ಮುಂದ ಆಗ್ಲಿ" ಎನ್ನುತ್ತಿದ್ದೆ. ತಲೆನೋವು ಬಂದರೆ ಹಣೆಗೆ ಸೆರಗು ಬಿಗಿದು ಮತ್ತೆ ಮಗ್ಗಕ್ಕೆ ನಿಲ್ಲುತ್ತಿದ್ದೆ. ನಿನಗೆ ಇನ್ನೂ ಬರಬೇಕಿರುವ, ನಮಗೆ ಎಂದೋ ಕಳೆದ ದೀಪಾವಳಿಯ ಮುಂಚೆ ಒಂದು ಮಧ್ಯಾಹ್ನ ನೀನು ಮಗ್ಗದ ಪಕ್ಕದಲ್ಲೇ ಬಿದ್ದೆ. ಮಗ್ಗ ಓಡುತ್ತಲೇ ಇತ್ತು. ನೀನು ಬಿದ್ದ ಸಪ್ಪಳ ಯಾರಿಗೂ ಕೇಳಲಿಲ್ಲ. ಕರೆಂಟ್ ಹೋಗಿ, ಎಲ್ಲರೂ ಕಟ್ಟೆಗೆ ಬಂದು, ಇಂದ್ರವ್ವ ಎಲ್ಲಿ ಎಂದು ಹುಡುಕಿದಾಗ ಹೊತ್ತು ಮೀರಿತ್ತು.

ನಮ್ಮಲ್ಲಿ ಆ ಸನ್ನೆಗೆ ಇನ್ನೊಂದು ತುಂಡಿದೆ, ಆಯಿ. ತೋಳು ಅದುಮುವ ಮುಂಚೆ ಅಂಗೈಯನ್ನು ತನ್ನ ಎದೆಗೆ ಇಟ್ಟುಕೊಳ್ಳಬೇಕು. ನಂದು ಆಗೇತಿ, ಈಗ ನಿಂದು ಹೇಳು ಎಂದು ಅರ್ಥ. ತನ್ನದು ನೋಡಿಸದವಳು ಇನ್ನೊಬ್ಬರನ್ನು ಕೇಳುವಂತಿಲ್ಲ. ದಾರಿಯಲ್ಲಿ ಇಬ್ಬರು ಎದುರಾದರೆ ನಮಸ್ಕಾರದ ಬದಲು ಇದನ್ನೇ ಮಾಡುತ್ತಾರೆ, ದೂರದ ಊರುಗಳೂ ಕಲಿತಿವೆ. ಈ ತುಂಡನ್ನು ಸೇರಿಸಿದವಳು ನಿನ್ನ ಕಸ್ತೂರಿ, ನಿನ್ನನ್ನು ಮಣ್ಣು ಮಾಡಿ ಬಂದ ವಾರ. ಮುಪ್ಪಿನಲ್ಲೂ ಎದೆಗೆ ಕೈ ಇಟ್ಟಾಗೆಲ್ಲ ಅವಳ ಕಣ್ಣು ತುಂಬುತ್ತಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ನೀನು ಉಳಿದರೆ ಕಸ್ತೂರಿ ಅದನ್ನು ಕಟ್ಟುವುದಿಲ್ಲ, ನಮ್ಮ ಸನ್ನೆ ಅರ್ಧವೇ ಆಗುತ್ತದೆ. ದೊಡ್ಡವರೊಬ್ಬರು ಇದನ್ನೇ ಹೇಳಿ ಈ ಕಾಗದ ಬರೆಯಬೇಡ ಎಂದರು. ಊರಿಗೆಲ್ಲ ಒಳ್ಳೆಯದಾದ ಪದ್ಧತಿಯನ್ನು ಒಬ್ಬಳಿಗಾಗಿ ಕಳೆಯುತ್ತೀಯಾ ಎಂದರು. ಹೌದು, ಕಳೆಯುತ್ತೇನೆ. ಆ ಅರ್ಧ ನಮಗೆ ಬೇಡ. ಹುಡುಗಿಗೆ ತಾಯಿ ಇರಲಿ.

ಇವತ್ತು ಕರೆಂಟ್ ಹೋದ ಕೂಡಲೇ ಯಾರನ್ನೂ ಮುಂದೆ ಬಿಡಬೇಡ. ಹಲಗೆಯ ಮೇಲೆ ನೀನೇ ಕೂಡು, ಕುಪ್ಪಸದ ತೋಳು ಮೇಲೆ ಸರಿಸು, ಜರೀನಾ ಪಟ್ಟಿ ಕಟ್ಟಲಿ. ನಾನಿಲ್ಲಿ ಕಟ್ಟೆಯ ಮೇಲೆ ಕುಳಿತು, ಎದೆಗೆ ಕೈ ಇಟ್ಟು, ತೋಳು ಎರಡು ಸಲ ಅದುಮಿ, ನಿನ್ನತ್ತ ಗದ್ದ ಎತ್ತಿದ್ದೇನೆ. ನಾಳೆ ಇದೇ ಹೊತ್ತಿಗೆ ನನ್ನ ಕೈ ಎದೆಗೆ ಹೋಗುವುದನ್ನು ಮರೆತಿದ್ದರೆ, ನೀನು ನೋಡಿಸಿಕೊಂಡೆ ಎಂದೇ ಅರ್ಥ, ಅದು ನನಗೆ ತಿಳಿಯದಿದ್ದರೂ ಸರಿ.